ಸೂಸನ್ ಹಿಲ್ಲರ್: ಮಾನವಶಾಸ್ತ್ರದಿಂದ ಕಲೆಗೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ತುಂಬ ಮೆಚ್ಚುವ ಒಬ್ಬ ಕಲಾವಿದೆಯ ಬಗ್ಗೆ ಹೇಳಬೇಕು. ಹೆಸರು ಸೂಸನ್ ಹಿಲ್ಲರ್. 1940ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಓದಿದ್ದು ಮಾನವಶಾಸ್ತ್ರ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಧ್ಯಯನಕ್ಕಾಗಿ ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್ ಸುತ್ತಿದರು.

ಆದರೆ ಆ ಕೆಲಸ ಅವರಿಗೆ ಒಗ್ಗಲಿಲ್ಲ. ಯಾರದೋ ಊರಿಗೆ ಹೋಗುವುದು, ಅವರ ಬದುಕನ್ನು ದೂರ ನಿಂತು ನೋಡುವುದು, ಬರೆದುಕೊಂಡು ಬಂದು ಅದನ್ನೊಂದು ವಿಷಯ ಮಾಡಿಬಿಡುವುದು. ಇದು ಅವರನ್ನು ಕಾಡಿತು. ಆಫ್ರಿಕದ ಕಲೆಯ ಬಗ್ಗೆ ಸ್ಲೈಡ್ ತೋರಿಸುತ್ತಿದ್ದ ಒಂದು ಉಪನ್ಯಾಸದಲ್ಲಿ ಕೂತಿದ್ದಾಗಲೇ, ಇನ್ನು ತಾನು ಕಲಾವಿದೆಯಾಗಬೇಕು ಅಂತ ತೀರ್ಮಾನಿಸಿದರು. ಮುಂದೆ ಲಂಡನ್ನಿನಲ್ಲಿ ನೆಲೆಸಿದರು. 2019ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಶಾಸ್ತ್ರ ಬಿಟ್ಟರೂ ಅದು ಕಲಿಸಿದ ಕೆಲಸವನ್ನು ಅವರು ಬಿಡಲಿಲ್ಲ. ಹುಡುಕುವುದು, ಕೂಡಿಡುವುದು, ವಿಂಗಡಿಸುವುದು. 1972ರಲ್ಲಿ ಇಂಗ್ಲೆಂಡಿನ ಕಡಲತೀರದ ಒಂದು ಊರಿನಲ್ಲಿ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿತು. ದಡಕ್ಕೆ ಅಪ್ಪಳಿಸುವ ಅಲೆಯ ಚಿತ್ರ, ಕೆಳಗೆ ‘ರಫ್ ಸೀ’ ಅನ್ನುವ ಎರಡು ಪದ. ಅಂಥವೇ 300ಕ್ಕೂ ಹೆಚ್ಚು ಕಾರ್ಡ್ ಕೂಡಿಸಿದರು. ಯಾವ ಊರಿನದು, ಏನು ಬರೆದಿದೆ, ಅಡ್ಡ ಇದೆಯೋ ಉದ್ದ ಇದೆಯೋ, ಎಲ್ಲವನ್ನೂ ಪಟ್ಟಿ ಮಾಡಿ ಜೋಡಿಸಿದರು. ಆ ಕೃತಿಯನ್ನು ಅರ್ಪಿಸಿದ್ದು ಹೆಸರಿಲ್ಲದ ಆ ಕಲಾವಿದರಿಗೆ: ಫೋಟೊ ತೆಗೆದವರಿಗೆ, ಅದಕ್ಕೆ ಕೈಯಿಂದ ಬಣ್ಣ ಹಚ್ಚಿದವರಿಗೆ. ಯಾರಾದರೂ ಅವರನ್ನು ನೆನೆಯಬೇಕಿತ್ತು, ಅಲ್ವಾ?

ನನ್ನನ್ನು ಜಾಸ್ತಿ ಕಲಕಿದ್ದು ‘ಜೆ ಸ್ಟ್ರೀಟ್ ಪ್ರಾಜೆಕ್ಟ್’. 2002ರಲ್ಲಿ ಬರ್ಲಿನ್ನಿನಲ್ಲಿದ್ದಾಗ ಅವರ ಕಣ್ಣಿಗೆ ಒಂದು ಬೀದಿ ಫಲಕ ಬಿತ್ತು. ಯಹೂದಿಗಳ ಬೀದಿ ಅನ್ನುವ ಅರ್ಥದ ಹೆಸರು. ಆ ಜನರನ್ನೇ ಅಳಿಸಲು ಹೊರಟಿದ್ದ ದೇಶದಲ್ಲಿ ಅವರ ಹೆಸರು ಹೊತ್ತ ಬೀದಿ! ಹಿಲ್ಲರ್ ಅಲ್ಲಿಗೇ ಸುಮ್ನಾಗಲಿಲ್ಲ. ಜರ್ಮನಿಯ ಊರೂರು ಸುತ್ತಿ, ಅಂಥ 303 ಬೀದಿ, ಓಣಿ, ದಾರಿಗಳನ್ನು ಹುಡುಕಿ ಫೋಟೊ ತೆಗೆದರು, ಚಿತ್ರೀಕರಿಸಿದರು. ನಾಜಿಗಳ ಕಾಲದಲ್ಲಿ ಇಂಥ ಹೆಸರುಗಳನ್ನು ಕಿತ್ತುಹಾಕಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ಬರೆಸಿದರು. ಹೆಸರು ವಾಪಸ್ ಬಂತು, ಜನ ಬರಲಿಲ್ಲ. ಆ ಚಿತ್ರಗಳಲ್ಲಿ ರಕ್ತವಿಲ್ಲ, ಅಳುವವರಿಲ್ಲ. ನಿಲ್ಲಿಸಿದ ಕಾರು, ಸೈಕಲ್ಲಿನಲ್ಲಿ ಹೋಗುವವರು, ಮನೆಗಳು, ನಡುವೆ ಆ ಫಲಕ. ಒಂದು ನೋಡಿದರೆ ಏನೂ ಅನ್ನಿಸದೇ ಇರಬಹುದು. ಒಂದರ ಹಿಂದೆ ಒಂದು 303 ನೋಡುವಾಗ ಗಂಟಲು ಕಟ್ಟುತ್ತದೆ.

ಬಾನುಲಿ ಕೇಳುವ ನಮಗೆ ಹೇಳಿ ಮಾಡಿಸಿದಂಥ ಕೃತಿಯೂ ಒಂದಿದೆ. 2007ರ ‘ದ ಲಾಸ್ಟ್ ಸೈಲೆಂಟ್ ಮೂವಿ’. ಪರದೆ ಪೂರ್ತಿ ಕಪ್ಪು. ಬರೀ ದನಿ, ಕೆಳಗೆ ಅನುವಾದದ ಸಾಲು. ಅಳಿದುಹೋದ, ಅಳಿಯುತ್ತಿರುವ ಭಾಷೆಗಳಲ್ಲಿ ಜನ ಮಾತಾಡುತ್ತಾರೆ. ಅದರಲ್ಲಿರುವ ಉಬಿಖ್ ಭಾಷೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ 1992ರಲ್ಲಿ ಟರ್ಕಿಯಲ್ಲಿ ತೀರಿಕೊಂಡರು. ಕ್ಯಾನರಿ ದ್ವೀಪಗಳ ಗೊಮೆರಾದ ಶಿಳ್ಳೆ ಭಾಷೆಯೂ ಅಲ್ಲಿದೆ. ಈ ದನಿಗಳನ್ನು ಹಿಲ್ಲರ್ ತಂದದ್ದು ಸಂಗ್ರಹಾಲಯಗಳಿಂದ. ಸಂಶೋಧಕರು ಅಭ್ಯಾಸಕ್ಕೆಂದು ಹಿಡಿದಿಟ್ಟ ಧ್ವನಿಮುದ್ರಣಗಳು ಅವು. ಹಿಲ್ಲರ್ ಅವರ ಕೃತಿಯಲ್ಲಿ ಆ ಜನ ಕಥೆ ಹೇಳುತ್ತಾರೆ, ಹಾಡುತ್ತಾರೆ, ಕೆಲವರು ನಮ್ಮ ಮೇಲೆ ಆರೋಪವನ್ನೂ ಹೊರಿಸುತ್ತಾರೆ. ನಡುವೆ ವಿವರಿಸಲು ಯಾವ ವಿದ್ವಾಂಸರೂ ಬರುವುದಿಲ್ಲ. ಮಾತು ಅವರದು, ಕೇಳುವುದಷ್ಟೇ ನಮ್ಮ ಕೆಲಸ.

ನಮಸ್ಕಾರ.