ಕೇಳುವ ಮೊದಲೇ ಹೇಳಿಬಿಡಿ: ವಿದೇಶದಿಂದ ಬರುವವರಿಗೆ ಕಸ್ಟಮ್ಸ್ ವಿಚಾರ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳಿಸುತ್ತಿದೆ ಅಲ್ವಾ?

ಉಡುಪಿ, ಕುಂದಾಪುರ, ಭಟ್ಕಳದ ಕಡೆಯವರಿಗೆ ಈ ವಿಷಯಕ್ಕೆ ದೊಡ್ಡ ಪೀಠಿಕೆ ಬೇಕಿಲ್ಲ. ದುಬೈ, ಮಸ್ಕತ್, ಕುವೈತ್, ದಮ್ಮಾಮ್ ಅಂತ ಮನೆಯಿಂದ ಒಬ್ಬರಾದರೂ ಹೋಗಿರುತ್ತಾರೆ. ರಜೆಗೆ ಬರುವಾಗ ಚಾಕೊಲೇಟು, ಸೆಂಟು, ಹಾಲಿನ ಪುಡಿ, ಕಂಬಳಿ ತರುತ್ತಾರೆ. ಅದಕ್ಕೆಲ್ಲ ಕಸ್ಟಮ್ಸ್‌ನವರು ತಲೆ ಕೆಡಿಸಿಕೊಳ್ಳುವುದಿಲ್ಲ. ತಕರಾರು ಶುರುವಾಗುವುದು ಹೆಚ್ಚಾಗಿ ಚಿನ್ನದಲ್ಲಿ.

ನಾನು ಕಸ್ಟಮ್ಸ್ ಕೇಸು ನೋಡುವ ವಕೀಲ. ಜನ ನನ್ನ ಹತ್ತಿರ ಬರುವಾಗ ಎಲ್ಲ ಮುಗಿದಿರುತ್ತದೆ. ಒಡವೆ ಅಲ್ಲಿ, ರಸೀದಿ ಇವರ ಕೈಯಲ್ಲಿ. ಕೂತ ಕೂಡಲೇ ಹೇಳುವುದು ಒಂದೇ ಮಾತು: "ಸರ್, ಹೆಂಗಸರಿಗೆ ನಲವತ್ತು ಗ್ರಾಂ ಬಿಡ್ತಾರೆ ಅಂದಿದ್ರು." ಯಾರು ಅಂದರು ಅಂತ ಕೇಳಿದರೆ ಉತ್ತರ ಇಲ್ಲ. ವಾಟ್ಸಾಪ್‌ನಲ್ಲಿ ಬಂದಿತ್ತು, ಚಿನ್ನದಂಗಡಿಯ ಹುಡುಗ ಹೇಳಿದ್ದ, ಪಕ್ಕದ ಸೀಟಿನವರು ಹೇಳಿದ್ದರು. ಹಾಗಾಗಿ ಈ ನಲವತ್ತು ಗ್ರಾಂನಿಂದಲೇ ಶುರು ಮಾಡುತ್ತೇನೆ.

ನಲವತ್ತು ಗ್ರಾಂ ಸುಳ್ಳಲ್ಲ. ಹೆಂಗಸರಿಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ ಒಡವೆಗೆ ಸುಂಕ ಇಲ್ಲ. ಆದರೆ ಒಂದು ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿ ವಾಸ ಮಾಡಿ ಬಂದವರಿಗೆ ಮಾತ್ರ. ಮಗನ ಮನೆಗೆ ಅಂತ ಹೋಗಿ ಎರಡು ತಿಂಗಳಿದ್ದು ಬರುವ ಅಮ್ಮನಿಗೆ ಈ ಲೆಕ್ಕ ಇಲ್ಲ. ಐದು ದಿನದ ದುಬೈ ಟೂರ್ ಮುಗಿಸಿ ಬರುವವರಿಗಂತೂ ಇಲ್ಲವೇ ಇಲ್ಲ. ಇನ್ನೊಂದು ವಿಷಯ, ಇದು ಒಡವೆಗೆ ಮಾತ್ರ. ಬಿಸ್ಕತ್ತು, ನಾಣ್ಯ ಇದರಲ್ಲಿ ಸೇರುವುದಿಲ್ಲ.

ಜನರನ್ನು ಇದಕ್ಕಿಂತ ಜಾಸ್ತಿ ಸಿಕ್ಕಿಸಿದ್ದು ಬೆಲೆಯ ಮಿತಿ. 2016ರ ಬ್ಯಾಗೇಜ್ ನಿಯಮದಲ್ಲಿ ತೂಕದ ಜೊತೆಗೆ ರೂಪಾಯಿಯ ಮಿತಿಯೂ ಇತ್ತು. ಹೆಂಗಸರಿಗೆ 1 ಲಕ್ಷ, ಗಂಡಸರಿಗೆ 50,000. ಆಗ ಚಿನ್ನ ಗ್ರಾಂಗೆ ಮೂರು ಸಾವಿರದ ಆಸುಪಾಸಿನಲ್ಲಿತ್ತು, ತೂಕಕ್ಕೂ ದುಡ್ಡಿಗೂ ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು. ಆಮೇಲೆ ಚಿನ್ನ ಓಡಿತು, ನಿಯಮ ಕೂತಲ್ಲೇ ಕೂತಿತು. 2025ರಲ್ಲಿ ಗ್ರಾಂ ಬೆಲೆ ಹತ್ತು ಸಾವಿರ ದಾಟಿತು. ಅಂದರೆ ಕಾಗದದ ಮೇಲೆ 40 ಗ್ರಾಂ, ಕೈಗೆ ಸಿಗುವುದು ಹತ್ತು ಗ್ರಾಂಗಿಂತ ಕಡಿಮೆ. ಹದಿನೈದು ವರ್ಷ ಅಲ್ಲಿ ದುಡಿದು, ಮಗಳ ಮದುವೆಗೆ ಅಂತ ಒಂದು ಸರ ತಂದ ಮನುಷ್ಯ ಕಳ್ಳಸಾಗಣೆದಾರನ ಸಾಲಿನಲ್ಲಿ ನಿಲ್ಲಬೇಕಾಯಿತು. ಸರ್ಕಾರಕ್ಕೆ ಇದು ಕಾಣಲಿಲ್ಲ ಅಂತ ಹೇಳುವ ಹಾಗಿಲ್ಲ, ಕಾಣುವುದಕ್ಕೆ ಹತ್ತು ವರ್ಷ ಹಿಡಿಯಿತು ಅಷ್ಟೇ. 2026ರ ಫೆಬ್ರವರಿಯಲ್ಲಿ ಹೊಸ ಬ್ಯಾಗೇಜ್ ನಿಯಮ ಬಂತು. ಒಡವೆಗೆ ರೂಪಾಯಿ ಮಿತಿ ಹೋಯಿತು, ತೂಕ ಮಾತ್ರ ಉಳಿಯಿತು. ಒಂದು ವರ್ಷದ ಷರತ್ತು ಹಾಗೇ ಇದೆ, ಮರೆಯಬೇಡಿ.

ಬೇರೆ ಸಾಮಾನಿನ ಮಾತು ಬೇಗ ಮುಗಿಸುತ್ತೇನೆ. ಮೊದಲು ತಲೆಗೆ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ. ಹೊಸ ನಿಯಮದಲ್ಲಿ ಅದು 75,000. ನೀವು ಬಳಸಿದ ಬಟ್ಟೆಬರೆ ಲೆಕ್ಕಕ್ಕಿಲ್ಲ. ಹದಿನೆಂಟು ತುಂಬಿದವರಿಗೆ ಒಂದು ಲ್ಯಾಪ್‌ಟಾಪ್ ಬೇರೆಯಾಗಿಯೇ ಮಾಫಿ. ಮದ್ಯ ಎರಡು ಲೀಟರ್. ಇ-ಸಿಗರೇಟು ಬೇಡವೇ ಬೇಡ, 2019ರಿಂದ ದೇಶಕ್ಕೆ ತರುವುದೇ ಅಪರಾಧ.

ಇಲ್ಲೊಂದು ಕಡೆ ಸ್ವಲ್ಪ ನಿಲ್ಲಬೇಕು. ಗಂಡನ ಮಿತಿ, ಹೆಂಡತಿಯ ಮಿತಿ ಒಟ್ಟು ಮಾಡುವ ಹಾಗಿಲ್ಲ. ಹಳೆ ನಿಯಮ ಇದ್ದಾಗ ಒಬ್ಬ ದಂಪತಿ 1,40,000 ರೂಪಾಯಿಯ ಕ್ಯಾಮೆರಾ ತಂದಿದ್ದರು. ಇಬ್ಬರಿಗೆ ಸೇರಿ ಒಂದು ಲಕ್ಷ ಬಿಟ್ಟು ನಲವತ್ತು ಸಾವಿರಕ್ಕೆ ಸುಂಕ ಅಂತ ಅವರ ಲೆಕ್ಕ. ಆದರೆ ಕ್ಯಾಮೆರಾ ಒಂದು, ತಂದವರು ಒಬ್ಬರು. 50,000 ಕಳೆದು 90,000ಕ್ಕೆ ಸುಂಕ. ಆಗಿನ ದರ ಸೆಸ್ ಸೇರಿ ನೂರಕ್ಕೆ 38.5. ಕಟ್ಟಿದ್ದು 34,650 ರೂಪಾಯಿ. ಗಂಡಹೆಂಡತಿ ಮಧ್ಯೆ ಆ ಲೆಕ್ಕ ಇನ್ನೂ ಮುಗಿದಿಲ್ಲ, ಅದು ಬೇರೆ ವಿಷಯ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೆಲ್ಟ್‌ನಿಂದ ಸೂಟ್‌ಕೇಸ್ ಎತ್ತಿಕೊಂಡು ಹೊರಟರೆ ಎರಡು ದಾರಿ ಕಾಣುತ್ತದೆ, ಹಸಿರು ಮತ್ತು ಕೆಂಪು. ಸುಂಕ ಕಟ್ಟುವಂಥದ್ದು ಇದ್ದವರು ಅದನ್ನು ಹೇಳಲು ಹೋಗಬೇಕಾದದ್ದು ಕೆಂಪಿಗೆ. ಕೆಂಪಿನ ಕಡೆ ಹೋಗಲು ನಮ್ಮವರಿಗೆ ಏನೋ ನಾಚಿಕೆ. ಯಾರಾದರೂ ನೋಡಿದರೆ ಏನು ಅಂದುಕೊಳ್ಳುತ್ತಾರೋ ಅಂತ. ಸಿಕ್ಕಿಬಿದ್ದವರು ಹೋಗುವ ದಾರಿ ಅದು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಸಿಕ್ಕಿಬೀಳುವವರೆಲ್ಲ ಹಸಿರು ದಾರಿಯವರೇ.

1962ರ ಕಸ್ಟಮ್ಸ್ ಕಾಯ್ದೆಯ 77ನೇ ಕಲಂ ಹೇಳುವುದಿಷ್ಟು: ಬ್ಯಾಗಿನಲ್ಲಿ ಏನಿದೆ ಅಂತ ಅದರ ಮಾಲೀಕ ಅಧಿಕಾರಿಗೆ ತಿಳಿಸಬೇಕು. ಹಸಿರು ದಾರಿಯಲ್ಲಿ ನಡೆದರೆ "ನನ್ನ ಹತ್ತಿರ ಸುಂಕ ಕಟ್ಟುವಂಥದ್ದು ಏನೂ ಇಲ್ಲ" ಅಂತ ಹೇಳಿದ ಹಾಗೆಯೇ. ಬಾಯಿ ಬಿಡದಿದ್ದರೂ ಹೇಳಿಕೆ ಕೊಟ್ಟಾಗಿದೆ. ಆಮೇಲೆ ಎಕ್ಸ್‌ರೇ ಹತ್ತಿರ ತಡೆದು ಕೇಳಿದಾಗ "ಈಗ ಹೇಳ್ತೀನಿ ಸರ್, ಸುಂಕ ಎಷ್ಟಾಗುತ್ತೆ ಹೇಳಿ, ಕಟ್ತೀನಿ" ಅಂದರೆ ಹೊತ್ತು ಮೀರಿರುತ್ತದೆ.

ಕೆಂಪು ದಾರಿಯಲ್ಲಿ ನಿಮ್ಮ ಕೈಯಲ್ಲಿ ಎರಡು ಆಯ್ಕೆ ಇರುತ್ತದೆ. ಸುಂಕ ಕಟ್ಟಿ ಸಾಮಾನು ತೆಗೆದುಕೊಂಡು ಹೋಗಬಹುದು. ದುಡ್ಡಿಲ್ಲವೋ, ಕಟ್ಟಲು ಮನಸ್ಸಿಲ್ಲವೋ, ಅಲ್ಲೇ ಬಿಟ್ಟು ರಸೀದಿ ತೆಗೆದುಕೊಂಡು, ವಾಪಸ್ ಹೋಗುವಾಗ ಬಿಡಿಸಿಕೊಳ್ಳಲು ಕೇಳಬಹುದು. ಇದು 80ನೇ ಕಲಂ. ನಮ್ಮ ಜನರಿಗೆ ಗೊತ್ತೇ ಇಲ್ಲದ ಕಲಂ ಇದು. ಆದರೆ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ, ನಿಜವಾದ ಘೋಷಣೆ ಮಾಡಿದವರಿಗೆ ಮಾತ್ರ. ಹೇಳದೆ ಸಿಕ್ಕಿದರೆ ಬೇರೆಯೇ ಸಾಲು ಶುರು: 111ರಲ್ಲಿ ಮುಟ್ಟುಗೋಲು, 112ರಲ್ಲಿ ದಂಡ, 125ರಲ್ಲಿ ಬಿಡಿಸಿಕೊಳ್ಳಲು ಇನ್ನೊಂದು ದಂಡ, ಅದರ ಮೇಲೆ ಸುಂಕ. ಚಿನ್ನಕ್ಕೆ 123 ಅಂತ ಬೇರೆ ಇದೆ. ಇದು ಕಳ್ಳಸಾಗಣೆಯದ್ದಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮದೇ.

ಅಧಿಕಾರಿಗೆ ಅನುಮಾನ ಎಲ್ಲಿಂದ ಬರುತ್ತದೆ? ಮಹಜರುಗಳನ್ನು ಓದಿ ಓದಿ ನನಗೆ ಒಂದು ಅಂದಾಜು ಸಿಕ್ಕಿದೆ. ನಮ್ಮ ಹೆಂಗಸರು ಹಾಕಿಕೊಳ್ಳುವುದು 22 ಕ್ಯಾರೆಟ್, ಒಳಗೆ 916 ಅಂತ ಮುದ್ರೆ, ಕಲ್ಲು, ಕೆತ್ತನೆ, ವರ್ಷಗಟ್ಟಲೆ ಬಳಸಿದ ಸವೆತ. ಮಹಜರಿನಲ್ಲಿ ಬರುವುದು ಇನ್ನೊಂದು ಜಾತಿ. ನಾಲ್ಕು ಬಳೆ, 24 ಕ್ಯಾರೆಟ್, ಕುಸುರಿ ಇಲ್ಲ, ನಾಲ್ಕೂ ಒಂದೇ ತೂಕ. ಇಲ್ಲವೇ ದಪ್ಪ ಚೈನು, ಕೊಂಡಿ ನೋಡಿದರೆ ನಿನ್ನೆ ಮಾಡಿದ ಹಾಗಿದೆ. ಇದು ಒಡವೆಯೇ ಅಲ್ಲ, ಬಳೆಯ ಆಕಾರದ ಗಟ್ಟಿ ಅಂತ ಬರೆಯುತ್ತಾರೆ. ಒಮ್ಮೆ ಹಾಗೆ ಬರೆದರೆ 40 ಗ್ರಾಂನ ಮಾತೂ ಬಿತ್ತು. ಚಿನ್ನದಂಗಡಿಯವನು "ಬಳೆ ಆದ್ರೆ ಏನೂ ಕೇಳಲ್ಲ" ಅಂತ ಕೊಟ್ಟು ಕಳಿಸಿರುತ್ತಾನೆ. ಅವನಿಗೇನು, ವ್ಯಾಪಾರ ಆಯಿತು.

ಬೆಳಗಿನ ಜಾವ ಮೂರು ಗಂಟೆಗೆ ಕೂರಿಸಿ ಹೇಳಿಕೆ ಬರೆಸಿಕೊಳ್ಳುತ್ತಾರೆ. 108ನೇ ಕಲಂ ಪ್ರಕಾರ ಕೊಟ್ಟ ಆ ಹೇಳಿಕೆ ಕೋರ್ಟಿನಲ್ಲಿ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಓದಿ ಹೇಳಿ ಅಂತ ಕೇಳಿ. ಹೆದರಬೇಡಿ, ಜಗಳವೂ ಬೇಡ. ಮೈ ತಪಾಸಣೆ ಆಗುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಆಗಲಿ ಅಂತ ಕೇಳುವ ಹಕ್ಕು ನಿಮಗಿದೆ. ಹೆಂಗಸರನ್ನು ಹೆಂಗಸರೇ ನೋಡಬೇಕು. ಮುಟ್ಟುಗೋಲು ಹಾಕುವ ಮೊದಲು ನಿಮ್ಮ ಉತ್ತರ ಕೇಳಿ ಒಂದು ನೋಟಿಸ್ ಕೊಡಬೇಕು. "ನನಗೆ ಆ ನೋಟಿಸ್ ಬೇಡ" ಅಂತ ಮೊದಲೇ ಅಚ್ಚಾದ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. ಅಂಥ ಸಹಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಒಪ್ಪಲಿಲ್ಲ. ಆದರೆ ಅಷ್ಟು ದೂರ ಹೋಗಿ ಬಗೆಹರಿಸಿಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ವಿದೇಶದಿಂದ ಬಂದ ಒಬ್ಬ ಮಹಿಳೆಯ ಒಡವೆ 2002ರಲ್ಲಿ ಜಪ್ತಿಯಾಗಿತ್ತು. ಸ್ವಂತ ಬಳಕೆಯ ಒಡವೆ ಅಂತ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿದ್ದು 2017ರಲ್ಲಿ. ಗೆದ್ದರು, ಸರಿ. ಹದಿನೈದು ವರ್ಷ ಬೇಕಾಯಿತು.

ಇಲ್ಲಿಂದಲೇ ಒಡವೆ ಹಾಕಿಕೊಂಡು ಹೋಗುವವರಿಗೆ ಒಂದು ಮಾತು. ದುಬೈನಲ್ಲಿ ಮದುವೆ ಇದೆ, ಮನೆಯ ಒಡವೆಯೆಲ್ಲ ಹೊರಟಿದೆ ಅಂದುಕೊಳ್ಳಿ. ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ತೂಕ ಮತ್ತು ಬೆಲೆಯ ಚೀಟಿ, ಒಡವೆಯ ಫೋಟೋ ಇಟ್ಟುಕೊಂಡು ಸ್ವಲ್ಪ ಬೇಗ ಹೋಗಿ. ಬೋರ್ಡಿಂಗ್‌ಗೆ ಹದಿನೈದು ನಿಮಿಷ ಇರುವಾಗ ಕೇಳಿದರೆ ಯಾರೂ ಮಾಡಿಕೊಡುವುದಿಲ್ಲ. ವಾಪಸ್ ಬರುವಾಗ ಆ ಕಾಗದ ತೋರಿಸಿದರೆ ಮಾತು ಮುಗಿಯಿತು.

ಚಿನ್ನ ತರಲೇಬೇಕು ಅನ್ನುವವರಿಗೂ ನೇರ ದಾರಿ ಇದೆ. ಆರು ತಿಂಗಳು ಹೊರಗಿದ್ದು ಬರುವ ಭಾರತೀಯರು ಒಂದು ಕಿಲೋವರೆಗೆ ರಿಯಾಯಿತಿ ಸುಂಕದಲ್ಲಿ ತರಬಹುದು. ಸುಂಕವನ್ನು ವಿದೇಶಿ ಕರೆನ್ಸಿಯಲ್ಲೇ ಕಟ್ಟಬೇಕು. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಸುಂಕ ನೂರಕ್ಕೆ 15ರಿಂದ 6ಕ್ಕೆ ಇಳಿಯಿತು. ದರ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವಾಗಲೇ ಒಮ್ಮೆ ವಿಚಾರಿಸಿ. ಹೊರಡುವ ಮೊದಲೇ ಫೋನಿನಲ್ಲಿ ಘೋಷಣೆ ತುಂಬುವುದಕ್ಕೆ 2019ರಲ್ಲಿ ಇಲಾಖೆಯವರು ಅತಿಥಿ ಅನ್ನುವ ಆಪ್ ಕೂಡ ತಂದರು.

ನೋಟಿನ ವಿಚಾರ. ವಿದೇಶಿ ನೋಟು 5,000 ಡಾಲರ್ ದಾಟಿದರೆ, ಇಲ್ಲವೇ ನೋಟು, ಟ್ರಾವೆಲರ್ಸ್ ಚೆಕ್ಕು ಎಲ್ಲ ಸೇರಿ 10,000 ಡಾಲರ್ ದಾಟಿದರೆ ಸಿಡಿಎಫ್, ಅಂದರೆ ಕರೆನ್ಸಿ ಘೋಷಣೆಯ ಫಾರಂ ತುಂಬಬೇಕು. ಇದಕ್ಕೆ ಸುಂಕ ಇಲ್ಲ, ಹೇಳಿದರೆ ಸಾಕು. ಸುಂಕವೇ ಇಲ್ಲದ ದುಡ್ಡನ್ನು ಮುಚ್ಚಿಟ್ಟು ಕೇಸು ಹಾಕಿಸಿಕೊಂಡವರಿದ್ದಾರೆ.

ಇನ್ನು ಪಾರ್ಸೆಲ್. ಹೊರಡುವ ಹಿಂದಿನ ರಾತ್ರಿ ರೂಮಿಗೆ ಬಂದು "ಅಣ್ಣಾ, ಇದೊಂದು ಸಣ್ಣ ಪ್ಯಾಕೆಟ್, ಅಮ್ಮನಿಗೆ ಕೊಟ್ಟುಬಿಡಿ" ಅನ್ನುತ್ತಾರೆ. ಇಲ್ಲ ಅನ್ನುವುದಕ್ಕೆ ಮುಖ ಇರುವುದಿಲ್ಲ. ಎದುರಿಗೇ ಬಿಚ್ಚಿಸಿ ನೋಡಿ, ಬಿಲ್ ಕೇಳಿ. ಬ್ಯಾಗು ಯಾರ ಕೈಯಲ್ಲಿದೆಯೋ ಕೇಸು ಅವರ ಮೇಲೆ. ಸಿಕ್ಕಿಬಿದ್ದ ಮೇಲೆ ಪ್ಯಾಕೆಟ್ ಕೊಟ್ಟವನ ಫೋನು ಸ್ವಿಚ್ ಆಫ್. ನನ್ನ ಆಫೀಸಿಗೆ ಬರುವ ಕೇಸುಗಳಲ್ಲಿ ನನಗೆ ತೀರಾ ಬೇಜಾರಾಗುವುದು ಇಂಥವು, ಯಾಕೆಂದರೆ ಬರುವ ಹುಡುಗರು ಮೊದಲ ಸಲ ರಜೆಗೆ ಬಂದವರು.

ಸಾಮಾನು ಹಿಡಿದಿಟ್ಟುಕೊಂಡರೆ ಆರು ತಿಂಗಳೊಳಗೆ ನಿಮಗೆ ನೋಟಿಸ್ ಕೊಡಬೇಕು. ಇನ್ನೂ ಆರು ತಿಂಗಳು ಮುಂದೂಡಲು ಅವರಿಗೆ ಅವಕಾಶ ಇದೆ. ಆದೇಶ ಬಂದ ಮೇಲೆ ಅಪೀಲಿಗೆ 60 ದಿನ. ಅದು ಕಮಿಷನರ್ ಅಪೀಲ್ಸ್ ಮುಂದೆ. ಅಲ್ಲೂ ಆಗದಿದ್ದರೆ ಬ್ಯಾಗೇಜ್ ಕೇಸು ಟ್ರಿಬ್ಯುನಲ್‌ಗೆ ಹೋಗುವುದಿಲ್ಲ, ಕೇಂದ್ರ ಸರ್ಕಾರಕ್ಕೆ ರಿವಿಷನ್ ಅರ್ಜಿ ಹಾಕಬೇಕು. ಟ್ರಿಬ್ಯುನಲ್‌ಗೆ ಹಾಕಿಸಿ ಸುಮ್ನೆ ಫೀಸು, ದಿನ ಎರಡೂ ಕಳೆದುಕೊಂಡವರು ಇದ್ದಾರೆ. ಆ ರಸೀದಿ, ಮಹಜರಿನ ಪ್ರತಿ, ಬೋರ್ಡಿಂಗ್ ಪಾಸು, ಅಂಗಡಿ ಬಿಲ್ಲು ಎಲ್ಲ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆ ಕೇಳಿ. ಕಾಗದ ತಂದವರು ಮುಂದೆ ಬಂದು ಕೂತುಕೊಳ್ಳಿ, ಒಂದೊಂದೇ ನೋಡೋಣ.