ಬ್ಲಾಕ್ ಅನ್ನೋ ಪದದ ಎಡವಟ್ಟು

ನಮಸ್ಕಾರ ಕೇಳುಗರೇ. ನಮ್ಮ ದೊಡ್ಡಪ್ಪಂಗೆ ಮೂರು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್, ಅಂದ್ರೆ ನಾಳ ತೆರೆದಿಡೋ ಸಣ್ಣ ಬಲೆಯಂಥ ಕೊಳವೆ, ಹಾಕಿದ್ರು, ಆರು ತಿಂಗಳಿಗೇ ಮಾತ್ರೆ ಎಲ್ಲಾ ಬಿಟ್ಟಿದ್ರು ಪುಣ್ಯಾತ್ಮ, ಕೇಳಿದ್ರೆ "ಬ್ಲಾಕ್ ತೆಗೆಸಿ ಆಯ್ತಲ್ಲೋ, ಪೈಪ್ ಕ್ಲೀನಾಗಿದೆ, ಇನ್ಯಾತಕ್ಕೆ ಮಾತ್ರೆ" ಅಂತಾರೆ. ಅವರನ್ನ ಬೈದು ಪ್ರಯೋಜನ ಇಲ್ಲ, ಬ್ಲಾಕ್ ಅನ್ನೋ ಪದಾನೇ ಹಾಗಿದೆ.

ರಕ್ತನಾಳ ಅಂದ್ರೆ ನಲ್ಲಿ ಪೈಪು, ಒಳಗೆ ಕೊಬ್ಬು ಪಾಚಿ ಥರ ಕಟ್ತಾ ಕಟ್ತಾ ಒಂದಿನ ಮುಚ್ಕೊಳುತ್ತೆ ಅಂತ ನಾವು ಅನ್ಕೊಂಡಿದೀವಿ. ಆದ್ರೆ ಕೊಬ್ಬು ಕೂರೋದು ನಾಳದ ಗೋಡೆ ಒಳಗೆ, ಕುರು ಎದ್ದ ಹಾಗೆ, ಮೇಲೊಂದು ಪೊರೆ. ಆ ಪೊರೆ ಹರೀತು ಅಂದ್ರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಬಂದ್, ಬಹಳಷ್ಟು ಹಾರ್ಟ್ ಅಟ್ಯಾಕ್ ಆಗೋದೇ ಹೀಗೆ. ಒಡೆಯೋದು ಆಂಜಿಯೋಗ್ರಾಂನಲ್ಲಿ, ಅಂದ್ರೆ ರಕ್ತನಾಳದ ಎಕ್ಸ್‌ರೇಲಿ, ಎದ್ದು ಕಾಣೋ ದೊಡ್ಡ ಬ್ಲಾಕೇ ಆಗ್ಬೇಕಂತಿಲ್ಲ, ಯಾರೂ ಲೆಕ್ಕಕ್ಕಿಡದ ಸಣ್ಣದೂ ಆಗಬಹುದು.

2017ರಲ್ಲಿ ಇಂಗ್ಲೆಂಡಲ್ಲಿ ಡಾಕ್ಟರ್ ರಾಶಾ ಅಲ್-ಲಮೀ ತಂಡ ಆರ್ಬಿಟಾ ಅಂತ ಒಂದು ಪ್ರಯೋಗದ ಫಲಿತಾಂಶ ಹೊರಗೆ ತಂತು. ನಡೆದ್ರೆ ಎದೆ ಹಿಡಿಯೋ 200 ಜನ, ಎಲ್ಲರಿಗೂ ಮೊದಲು ಸರಿಯಾಗಿ ಮಾತ್ರೆ ಕೊಟ್ಟು, ಆಮೇಲೆ ಮಂಪರು ಬರಿಸಿ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸ್ತಾ ಅರ್ಧದಷ್ಟು ಜನಕ್ಕೆ ನಿಜವಾದ ಸ್ಟೆಂಟು, ಮಿಕ್ಕೋರಿಗೆ ಬರೀ ನಾಟಕ! ಆರು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದ್ರೆ ಎರಡೂ ಗುಂಪಿನ ನಡುವೆ ಹೇಳ್ಕೊಳ್ಳೋಂಥ ವ್ಯತ್ಯಾಸಾನೇ ಇಲ್ಲ. ಆಮೇಲೆ ಇಸ್ಕೀಮಿಯಾ ಅನ್ನೋ ದೊಡ್ಡ ಅಧ್ಯಯನ, 37 ದೇಶ, 5179 ಜನ, ನಮ್ಮ ಭಾರತದವರೂ ಇದ್ರು. ಕಾಯಿಲೆ ಹತೋಟಿಲಿದ್ದವರಿಗೆ ಮೊದಲೇ ಸ್ಟೆಂಟ್, ಬೈಪಾಸ್ ಮಾಡಿದ್ರಿಂದ ಮೂರು ಚಿಲ್ಲರೆ ವರ್ಷದಲ್ಲಿ ಸಾವಾಗ್ಲಿ ಅಟ್ಯಾಕಾಗ್ಲಿ ಒಟ್ಟಾರೆ ಕಮ್ಮಿ ಆಗ್ಲಿಲ್ಲ.

ಹಾಗಂತ ಸ್ಟೆಂಟ್ ದಂಡ ಅಂತ ಅಲ್ಲ, ದಯವಿಟ್ಟು ಹಾಗೆ ಕೇಳಿಸ್ಕೋಬೇಡಿ. 2023ರ ಎರಡನೇ ಆರ್ಬಿಟಾದಲ್ಲಿ ಎದೆನೋವಿನ ಮಾತ್ರೆ ನಿಲ್ಲಿಸಿ ನೋಡಿದಾಗ ಸ್ಟೆಂಟ್ ಹಾಕಿಸ್ಕೊಂಡೋರಿಗೆ ನೋವು ನಿಜವಾಗ್ಲೂ ಕಮ್ಮಿಯಾಯ್ತು. ಇನ್ನು ಅಟ್ಯಾಕ್ ಆಗ್ತಿರೋ ಹೊತ್ತಲ್ಲಂತೂ ಮುಚ್ಚಿದ ನಾಳ ಬೇಗ ತೆರೆದಷ್ಟೂ ಜೀವ ಉಳಿಯುತ್ತೆ, ಅಲ್ಲಿ ಅಧ್ಯಯನ ಅದು ಇದು ಅಂತ ಕೂರೋ ಹಾಗಿಲ್ಲ, ಆಸ್ಪತ್ರೆಗೆ ಓಡ್ಬೇಕು ಅಷ್ಟೇ.

ಆದ್ರೆ ಸ್ಟೆಂಟ್ ಸರಿ ಮಾಡೋದು ಒಂದು ಇಂಚು ಜಾಗ. ಮಿಕ್ಕ ನಾಳದುದ್ದಕ್ಕೂ ಇರೋ ಕುರುಗಳು ಒಡೀದ ಹಾಗೆ ಗಟ್ಟಿ ಮಾಡೋದು ಸ್ಟ್ಯಾಟಿನ್ ಮಾತ್ರೆ, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋದು ರಕ್ತ ತೆಳು ಮಾಡೋ ಮಾತ್ರೆ. ಇದನ್ನ ದೊಡ್ಡಪ್ಪಂಗೆ ಒಪ್ಪಿಸೋಕೆ ನಂಗೆ ಎರಡು ಹಬ್ಬ ಹಿಡೀತು. ಈಗ ಮಾತ್ರೆ ಡಬ್ಬಿ ರೇಡಿಯೋ ಪಕ್ಕದಲ್ಲೇ ಇಟ್ಕೊಂಡಿದಾರೆ. ಕೇಳಿಸ್ತಿದ್ಯಾ ದೊಡ್ಡಪ್ಪ, ರಾತ್ರಿದು ತಗೊಂಡ್ರಾ?