ಬಿಳಿ ಪಟ್ಟಿ ನೋಡಿ ಕಾರಿನ ಕಾಲ ಹೇಳಿ: ಅಮೆರಿಕದ ವೈಟ್‌ವಾಲ್ ಟೈರ್‌ಗಳು

[ದೃಶ್ಯ: 1957ರ ಶೆವ್ರೊಲೆ ಬೆಲ್ ಏರ್, ಪಕ್ಕದಿಂದ. ಕ್ಯಾಮೆರಾ ಮುಂದಿನ ಚಕ್ರಕ್ಕೆ ಹತ್ತಿರವಾಗುತ್ತದೆ.]

ಸ್ವಲ್ಪ ಹೊತ್ತು ಈ ಕಾರಿನ ಬಣ್ಣ, ಕ್ರೋಮ್, ಹಿಂದಿನ ರೆಕ್ಕೆ ಎಲ್ಲಾ ಬಿಟ್ಟುಬಿಡಿ. ಟೈರ್ ಮಾತ್ರ ನೋಡಿ. ರಿಮ್ ಪಕ್ಕದಿಂದಲೇ ಶುರುವಾಗಿ ಎರಡು ಇಂಚಿಗೂ ಮೀರಿದ ಬಿಳಿ ಪಟ್ಟಿ. ಇಷ್ಟು ಕಂಡ್ರೆ ಸಾಕು, ಇದು 1962ಕ್ಕಿಂತ ಹಿಂದಿನ ಅಮೆರಿಕನ್ ಕಾರು ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಅದೇ ಪಟ್ಟಿ ಒಂದು ಇಂಚಿನಷ್ಟೇ ಇದ್ದು, ರಿಮ್‌ನಿಂದ ದೂರ ಸರಿದು ಕಪ್ಪು ರಬ್ಬರ್ ಮಧ್ಯೆ ನಿಂತಿದ್ರೆ, ಅದು ಹೆಚ್ಚಾಗಿ ಅರವತ್ತರ ದಶಕದ್ದು.

ಈ ಅಗಲ ಬರೀ ಫ್ಯಾಷನ್‌ಗೆ ಅಂತ ಬದಲಾಗಿದ್ದಲ್ಲ. ಅದರ ಹಿಂದೆ ರಬ್ಬರ್ ಇದೆ, ಯುದ್ಧ ಇದೆ, ವರ್ಷ ವರ್ಷ ತಗ್ಗುತ್ತಾ ಬಂದ ಕಾರಿನ ಎತ್ತರ ಇದೆ. ಒಂದೊಂದಾಗಿ ನೋಡೋಣ.

[ದೃಶ್ಯ: ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿಗೆ ಹಾಲು ತೊಟ್ಟಿಕ್ಕುತ್ತಿದೆ.]

ಟೈರ್ ಅಂದ್ರೆ ಕಪ್ಪು ಅನ್ನೋದು ನಮ್ಮ ತಲೇಲಿ ಕೂತುಬಿಟ್ಟಿದೆ. ಆದ್ರೆ ಸುಳ್ಯ, ಬೆಳ್ತಂಗಡಿ ಕಡೆಯವರಿಗೆ ಚೆನ್ನಾಗಿ ಗೊತ್ತು, ರಬ್ಬರ್ ಮರದಿಂದ ಇಳಿಯೋದು ಬೆಳ್ಳನೆ ಹಾಲು. ಮೊದಮೊದಲ ಕಾರುಗಳ ಟೈರೂ ಹಾಗೇ, ಮಾಸಲು ಬಿಳಿ. ಗಟ್ಟಿಯಾಗಲಿ ಅಂತ ಅದಕ್ಕೆ ಝಿಂಕ್ ಆಕ್ಸೈಡ್ ಬೆರೆಸ್ತಿದ್ರು, ಅದೂ ಬಿಳಿ ಪುಡಿನೇ. ಮಿಶೆಲಿನ್ ಕಂಪನಿಯ ಟೈರ್ ಮನುಷ್ಯ ಬಿಬೆಂಡಮ್ 1898ರಿಂದಲೂ ಬೆಳ್ಳಗೇ ಇರೋದು ಇದೇ ಕಾರಣಕ್ಕೆ.

ಈ ಬಿಳಿ ಟೈರ್ ಬೇಗ ಸವೆದುಹೋಗ್ತಿತ್ತು. 1910ರ ದಶಕದಲ್ಲಿ ಅಮೆರಿಕದ ಕಂಪನಿಗಳು ರಬ್ಬರ್‌ಗೆ ಕಾರ್ಬನ್ ಬ್ಲ್ಯಾಕ್, ಅಂದ್ರೆ ನುಣ್ಣನೆ ಮಸಿ ಪುಡಿ, ಸೇರಿಸೋಕೆ ಶುರುಮಾಡಿದ್ವು. ಟೈರಿನ ಬಾಳಿಕೆ ಎಷ್ಟೋ ಪಟ್ಟು ಜಾಸ್ತಿಯಾಯ್ತು. ಗುಡ್‌ರಿಚ್ ಕಂಪನಿಗೆ ಈ ಮಸಿ ಕೊಡ್ತಿದ್ದದ್ದು ಬಿನ್ನಿ ಅಂಡ್ ಸ್ಮಿತ್. ಮಕ್ಕಳು ಬಣ್ಣ ಹಚ್ಚೋ ಕ್ರೆಯೋಲಾ ಕಡ್ಡಿ ಮಾಡಿದ್ದೂ ಅದೇ ಕಂಪನಿ. ಮೊದಲಿಗೆ ಮಸಿ ಹಾಕಿದ್ದು ನೆಲಕ್ಕೆ ಉಜ್ಜೋ ಟ್ರೆಡ್ ಭಾಗಕ್ಕೆ ಮಾತ್ರ. ಪಕ್ಕದ ಗೋಡೆ ಸವೆಯಲ್ವಲ್ಲ, ಅಲ್ಲಿಗ್ಯಾಕೆ ಖರ್ಚು? ಹೀಗಾಗಿ ನೆಲ ಮುಟ್ಟೋದು ಕಪ್ಪು, ಪಕ್ಕ ಬಿಳಿ. ಮೊದಲ ವೈಟ್‌ವಾಲ್ ಅಲಂಕಾರಕ್ಕೆ ಅಂತ ಬಂದದ್ದಲ್ಲ, ಮಸಿ ಹಾಕದೇ ಬಿಟ್ಟ ಜಾಗ ಅದು.

ಆಗ ದೊಡ್ಡಸ್ತಿಕೆ ಇದ್ದದ್ದು ಪೂರ್ತಿ ಕಪ್ಪು ಟೈರಿಗೆ. ಕೊಳೆ ಕಾಣಲ್ಲ, ದಿನಾ ತೊಳೆಯೋ ಕೆಲಸ ಇಲ್ಲ. ಇಪ್ಪತ್ತರ ದಶಕದ ಕೊನೆಗೆ ಲೆಕ್ಕ ತಿರುಗಿತು. ಎಲ್ಲರ ಕಾರಲ್ಲೂ ಕಪ್ಪು ಟೈರ್ ಬಂದ ಮೇಲೆ ಬಿಳಿ ಪಕ್ಕ ಇರೋದೇ ಶ್ರೀಮಂತಿಕೆಯ ಗುರುತಾಯ್ತು. ಆಗಿನ ಎಷ್ಟೋ ದುಬಾರಿ ಕಾರುಗಳಲ್ಲಿ ಟೈರಿನ ಒಳಪಕ್ಕವೂ ಬಿಳಿ. ಮಡ್‌ಗಾರ್ಡ್ ತೆರೆದಿರ್ತಿದ್ರಿಂದ ಎದುರಿಂದ ಬರೋರಿಗೆ ಒಳಪಕ್ಕವೂ ಕಾಣ್ತಿತ್ತು. 1934ರಲ್ಲಿ ಫೋರ್ಡ್ ತನ್ನ ಹೊಸ ಕಾರುಗಳಿಗೆ 11.25 ಡಾಲರ್ ಹೆಚ್ಚಿಗೆ ಕೊಟ್ರೆ ವೈಟ್‌ವಾಲ್ ಹಾಕಿಕೊಡ್ತೀವಿ ಅಂತು. ಸಾಮಾನ್ಯರ ಕಾರಿಗೂ ಬಿಳಿ ಪಕ್ಕ ಬಂತು.

[ದೃಶ್ಯ: ಆಗ್ನೇಯ ಏಷ್ಯಾದ ನಕ್ಷೆ. ಮಲಯ, ಡಚ್ ಈಸ್ಟ್ ಇಂಡೀಸ್ ಕೆಂಪಾಗುತ್ತವೆ.]

ಆಮೇಲೆ ಯುದ್ಧ. 1942ರ ಆರಂಭದಲ್ಲಿ ಮಲಯ, ಡಚ್ ಈಸ್ಟ್ ಇಂಡೀಸ್ ಜಪಾನ್ ಕೈಗೆ ಹೋದಾಗ ಅಮೆರಿಕಕ್ಕೆ ಬರ್ತಿದ್ದ ನೈಸರ್ಗಿಕ ರಬ್ಬರ್‌ನಲ್ಲಿ ಸುಮಾರು ಶೇ. 90ರಷ್ಟು ನಿಂತುಹೋಯ್ತು. ಆ ಯುದ್ಧದಲ್ಲಿ ಅಮೆರಿಕ ಮೊಟ್ಟಮೊದಲು ರೇಷನ್ ಮಾಡಿದ್ದು ಸಕ್ಕರೆ ಅಲ್ಲ, ಪೆಟ್ರೋಲ್ ಅಲ್ಲ, ಟೈರ್. ಬಿಳಿ ಪಕ್ಕದ ಮಾತೇ ಇಲ್ಲ.

ಯುದ್ಧ ಮುಗಿದ ಮೇಲೂ ವೈಟ್‌ವಾಲ್ ಕೂಡಲೇ ಸಿಗಲಿಲ್ಲ. 1946, 47ರ ಕಾರುಗಳ ಹಳೇ ಫೋಟೋ ಸಿಕ್ರೆ ಚಕ್ರವನ್ನ ದೊಡ್ಡದು ಮಾಡಿ ನೋಡಿ. ಎಷ್ಟೋ ಕಡೆ ಬಿಳಿ ಕಾಣೋದು ಟೈರ್ ಮೇಲಲ್ಲ, ರಿಮ್ ಮೇಲೆ. ಬಿಳಿ ಬಣ್ಣ ಹಚ್ಚಿದ ಉಕ್ಕಿನ ರಿಂಗ್ ಅದು. ದೂರದಿಂದ ವೈಟ್‌ವಾಲ್ ಥರಾನೇ ಕಾಣಲಿ ಅಂತ ಹಾಕ್ತಿದ್ರು. ಇವತ್ತು ಆ ಕಾಲದ ಕಾರನ್ನ ರಿಪೇರಿ ಮಾಡೋವಾಗ ಆ ರಿಂಗ್ ಕಿತ್ತುಹಾಕಿ ಅಗಲ ವೈಟ್‌ವಾಲ್ ಹಾಕೋರಿದ್ದಾರೆ. ನನಗೆ ಅದು ಸರಿ ಅನ್ಸಲ್ಲ. ಆ ರಿಂಗ್ ಆ ವರ್ಷಗಳ ಸಾಕ್ಷಿ, ಇರಬೇಕು. ಕೊರಿಯಾ ಯುದ್ಧದ ಹೊತ್ತಿಗೆ ವೈಟ್‌ವಾಲ್‌ಗೆ ಮತ್ತೆ ಕೊರತೆ ಬಂತು.

[ದೃಶ್ಯ: ಐವತ್ತರ ದಶಕದ ಕಾರುಗಳು ಸಾಲಾಗಿ. ಅಗಲ ಪಟ್ಟಿಗಳು.]

ಇನ್ನು ಎಲ್ಲರೂ ಕಾಯ್ತಿರೋ ಐವತ್ತರ ದಶಕ. ದಶಕದ ಮೊದಲರ್ಧದಲ್ಲಿ ಪಟ್ಟಿ ಎರಡೂವರೆಯಿಂದ ಮೂರು ಇಂಚಿನವರೆಗೂ ಇರ್ತಿತ್ತು. ಇಷ್ಟು ಬಿಳಿಯನ್ನ ಕಾಪಾಡಿಕೊಳ್ಳೋದು ಸುಲಭ ಇರಲಿಲ್ಲ. ಫುಟ್‌ಪಾತ್ ಅಂಚಿನ ಕಲ್ಲಿಗೆ ಒಂದ್ಸಲ ಉಜ್ಜಿದ್ರೆ ಕಪ್ಪು ಗೀರು. ಅದಕ್ಕೆ ಮಡ್‌ಗಾರ್ಡ್ ಕೆಳಗೆ ಸ್ಪ್ರಿಂಗ್‌ನಂಥ ಒಂದು ತಂತಿ ಕಟ್ತಿದ್ರು. ಕಾರು ನಿಲ್ಲಿಸೋವಾಗ ಟೈರ್‌ಗಿಂತ ಮೊದಲು ಆ ತಂತಿ ಕಲ್ಲಿಗೆ ತಾಗಿ ಕರಕರ ಅಂತ ಸದ್ದು ಮಾಡೋದು. ಡ್ರೈವರ್ ಅಲ್ಲೇ ಸ್ಟೀರಿಂಗ್ ತಿರುಗಿಸ್ತಿದ್ದ.

[ದೃಶ್ಯ: ಟೈರಿನ ಅಡ್ಡ ಸೀಳು ಚಿತ್ರ. ಪದರಗಳು ಒಂದೊಂದಾಗಿ ಮೂಡುತ್ತವೆ.]

ಈ ಬಿಳಿ ಮೇಲಿಂದ ಹಚ್ಚಿದ ಬಣ್ಣ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ. ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ, ಮಾಡೋವಾಗಲೇ ಟೈಟೇನಿಯಂ ಡೈಆಕ್ಸೈಡ್, ಝಿಂಕ್ ಆಕ್ಸೈಡ್ ಹಾಕಿದ ಬಿಳಿ ರಬ್ಬರ್ ಪದರವನ್ನ ಒಳಗೆ ಸೇರಿಸಿ, ಮೇಲೆ ತೆಳ್ಳಗೆ ಕಪ್ಪು ರಬ್ಬರ್ ಮುಚ್ಚಿ ಬೇಯಿಸ್ತಾರೆ. ಅಚ್ಚಿನಿಂದ ಹೊರಬಂದಾಗ ಟೈರ್ ಪೂರ್ತಿ ಕಪ್ಪು. ಆಮೇಲೆ ಅದನ್ನ ತಿರುಗಿಸ್ತಾ ಸಾಣೆ ಹಿಡಿದ ಹಾಗೆ ಮೇಲಿನ ಕಪ್ಪನ್ನ ಉಜ್ಜಿ ತೆಗೀತಾರೆ, ಒಳಗಿನ ಬಿಳಿ ಹೊರಗೆ ಬರುತ್ತೆ. ಎಷ್ಟು ಅಗಲ ಉಜ್ಜಿದ್ರೋ ಅಷ್ಟೇ ಪಟ್ಟಿ. ಇನ್ನೊಂದು ಕಷ್ಟವೂ ಇದೆ. ಕಪ್ಪು ರಬ್ಬರ್ ಬಿರುಕು ಬಿಡದಿರಲಿ ಅಂತ ಹಾಕೋ ರಾಸಾಯನಿಕಗಳು ನಿಧಾನವಾಗಿ ಬಿಳಿಯೊಳಗೆ ಇಳಿದು ಅದನ್ನ ಕಂದು ಮಾಡ್ತವೆ. ಹಳದಿಗಟ್ಟಿದ ವೈಟ್‌ವಾಲ್ ಕಂಡ್ರೆ ಬರೀ ಧೂಳು ಅಂದ್ಕೊಳ್ಳಬೇಡಿ. ಕೆಲವು ಕಲೆ ಒಳಗಿಂದಲೇ ಬಂದಿರುತ್ತೆ, ಎಷ್ಟು ತಿಕ್ಕಿದ್ರೂ ಹೋಗಲ್ಲ.

[ದೃಶ್ಯ: 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್.]

1957ರಲ್ಲಿ ಈ ಕಾರು ಬಂತು. ಸ್ಟೇನ್‌ಲೆಸ್ ಸ್ಟೀಲ್ ಚಾವಣಿ, ಬೆಲೆ 13,074 ಡಾಲರ್, ಆಗಿನ ಕಾಲಕ್ಕೆ ಕೇಳರಿಯದ ಮೊತ್ತ. ಅದರ ಟೈರ್ ನೋಡಿ: ಬರೀ ಒಂದು ಇಂಚಿನ ಪಟ್ಟಿ, ರಿಮ್‌ಗೂ ಪಟ್ಟಿಗೂ ಮಧ್ಯೆ ಕಪ್ಪು. ಎಲ್ಲರೂ ಅಗಲ ಬಿಳಿ ಮೆರೆಸ್ತಿದ್ದಾಗ ಅತಿ ದುಬಾರಿ ಕ್ಯಾಡಿಲಾಕ್ ಅದನ್ನ ಮೂರನೇ ಒಂದು ಪಾಲಿಗೆ ಇಳಿಸಿಬಿಟ್ಟಿತ್ತು.

ಕಾರಣ ಎತ್ತರ. ಆ ವರ್ಷಗಳಲ್ಲಿ ಅಮೆರಿಕದ ಡಿಸೈನರ್‌ಗಳಿಗೆ ಕಾರು ಉದ್ದವಾಗಿ, ಅಗಲವಾಗಿ, ತಗ್ಗಾಗಿ ಕಾಣಬೇಕಿತ್ತು. 1957ಕ್ಕೆ ಶೆವ್ರೊಲೆ, ಫೋರ್ಡ್ ಎರಡೂ 15 ಇಂಚಿನ ಚಕ್ರ ಬಿಟ್ಟು 14 ಇಂಚಿಗೆ ಬಂದ್ವು. ರಿಮ್‌ಗೆ ಅಂಟಿಕೊಂಡ ಅಗಲ ಬಿಳಿ ಏನು ಮಾಡುತ್ತೆ ಗೊತ್ತಾ? ರಿಮ್ ಮತ್ತು ಬಿಳಿ ಸೇರಿ ಒಂದೇ ದೊಡ್ಡ ತಟ್ಟೆ ಥರ ಕಾಣುತ್ತೆ, ಚಕ್ರ ಎತ್ತರ ಅನ್ಸುತ್ತೆ. ಚಕ್ರ ಎತ್ತರ ಕಂಡ್ರೆ ಕಾರೂ ಎತ್ತರ ಕಾಣುತ್ತೆ. ಪಟ್ಟಿ ಸಣ್ಣಗಾಗಿ ಕಪ್ಪಿನ ಮಧ್ಯೆ ನಿಂತ್ರೆ ಆ ಭಾರ ಇಳಿಯುತ್ತೆ. 1962ರ ಮಾಡೆಲ್‌ಗಳ ಹೊತ್ತಿಗೆ ಬಹುತೇಕ ಎಲ್ಲಾ ಕಂಪನಿಗಳೂ ಮುಕ್ಕಾಲಿನಿಂದ ಒಂದು ಇಂಚಿನ ಪಟ್ಟಿಗೆ ಬಂದಿದ್ವು.

ಅಗಲ ಪಟ್ಟಿಯೇ ನಿಜವಾದ ಕ್ಲಾಸಿಕ್ ಅಂತ ವಾದ ಮಾಡೋರು ಬಹಳ ಜನ. ಬೆಲ್ ಏರ್ ವಿಷಯದಲ್ಲಿ ನಾನೂ ಒಪ್ತೀನಿ. ಆದ್ರೆ 1965ರ ಮಸ್ಟ್ಯಾಂಗ್‌ಗೆ ಮೂರಿಂಚು ಬಿಳಿ ಹಾಕಿದ್ರೆ ಆ ಕಾರಿನ ಚುರುಕೇ ಹೋಗುತ್ತೆ. ಅದನ್ನ ಡಿಸೈನ್ ಮಾಡಿದವರು ಸಣ್ಣ ಪಟ್ಟಿಗೆ ಅಂತಲೇ ಮಾಡಿದ್ದಾರೆ.

ಅಲ್ಲಿಂದ ಮುಂದೆ ಬೇಗ ಬೇಗ. 1964ರ ಪಾಂಟಿಯಾಕ್ ಜಿಟಿಒಗೆ ಬಿಳಿ ಬದಲು ತೆಳು ಕೆಂಪು ಗೆರೆ. ದುಬಾರಿ ಕಾರುಗಳಲ್ಲಿ ಎರಡು, ಮೂರು ಗೆರೆಗಳು. ದಶಕದ ಕೊನೆಗೆ ಟೈರ್ ಕಂಪನಿಯ ಹೆಸರೇ ಉಬ್ಬು ಬಿಳಿ ಅಕ್ಷರಗಳಲ್ಲಿ ಬಂತು, ವೇಗದ ಕಾರುಗಳವರಿಗೆ ಅದೇ ಬೇಕಾಯ್ತು. ಬಿಳಿ ಪಟ್ಟಿ ಉಳಿದದ್ದು ಹಿರಿಯರ ದೊಡ್ಡ ಕಾರುಗಳಲ್ಲಿ. ಲಿಂಕನ್ ಟೌನ್ ಕಾರ್‌ಗೆ 2010ರವರೆಗೂ ಸಣ್ಣ ವೈಟ್‌ವಾಲ್ ಕಂಪನಿಯಿಂದಲೇ ಸಿಗ್ತಿತ್ತು.

[ದೃಶ್ಯ: ಹೊಸ ವೈಟ್‌ವಾಲ್ ಟೈರ್. ಬಿಳಿ ಭಾಗದ ಮೇಲೆ ನೀಲಿ ಲೇಪ.]

ಹಳೇ ಕಾರು ಇರೋರಿಗೆ ಎರಡು ಮಾತು. ಟೆನೆಸಿಯ ಚಟ್ಟನೂಗದಲ್ಲಿರೋ ಕೋಕರ್ ಟೈರ್‌ನಂಥ ಕಂಪನಿಗಳು ಇವತ್ತೂ ಹಳೇ ಅಳತೆಯ ವೈಟ್‌ವಾಲ್ ಮಾಡ್ತವೆ, ಅಗಲ ಬಿಳಿ ಇರೋ ರೇಡಿಯಲ್, ಅಂದ್ರೆ ಈಗಿನ ಕಾರುಗಳಲ್ಲಿರೋ ಮಾದರಿಯ ಟೈರ್, ಕೂಡ ಸಿಗುತ್ತೆ. ಆರ್ಡರ್ ಮಾಡೋ ಮುಂಚೆ ನಿಮ್ಮ ಕಾರಿನ ಇಸವಿಯ ಜಾಹೀರಾತು ಫೋಟೋ ಹುಡುಕಿ, ಪಟ್ಟಿಯ ಅಗಲ ತಾಳೆ ನೋಡಿ. ದುಡ್ಡು ಉಳಿಸೋಕೆ ರಿಮ್‌ಗೂ ಟೈರ್‌ಗೂ ಮಧ್ಯೆ ಸಿಕ್ಕಿಸೋ ಬಿಳಿ ರಬ್ಬರ್ ರಿಂಗ್ ರೇಡಿಯಲ್‌ಗೆ ಹಾಕಬೇಡಿ. ರೇಡಿಯಲ್ ಟೈರಿನ ಪಕ್ಕ ಓಡೋವಾಗ ಜಾಸ್ತಿ ಬಾಗುತ್ತೆ, ಆ ರಿಂಗ್ ಉಜ್ಜಿ ಉಜ್ಜಿ ಸೈಡ್‌ವಾಲನ್ನೇ ತಿಂದುಹಾಕುತ್ತೆ.

ಹೊಸ ಟೈರ್ ಬಂದಾಗ ಬಿಳಿ ಮೇಲೆ ನೀಲಿ ಬಣ್ಣ ಇದ್ರೆ ಗಾಬರಿ ಬೇಡ. ಸಾಗಿಸೋವಾಗ ಕಲೆ ಆಗದಿರಲಿ ಅಂತ ಹಚ್ಚಿರ್ತಾರೆ. ಗಾಡಿ ರಸ್ತೆಗೆ ಇಳಿಸೋ ಮೊದಲು ಸೋಪಿನ ನೀರು, ಮೆತ್ತನೆ ಬ್ರಷ್‌ನಿಂದ ಪೂರ್ತಿ ತೊಳೀರಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಆ ಕಲೆ ಮತ್ತೆ ಹೋಗಲ್ಲ.